ಎರಡು ಕಿಂಗ್‌ಸ್ನೇಕ್‌ಗಳನ್ನು ಒಟ್ಟಿಗೆ ಬಿಡಬೇಡಿ, ಒಂದು ರಾತ್ರಿಗೂ ಬೇಡ

ಭಾನುವಾರ ಬೆಳಿಗ್ಗೆ ನೋಡಿದಾಗ ಗಾಜಿನ ಪೆಟ್ಟಿಗೆಯಲ್ಲಿ ಒಂದೇ ಹಾವಿತ್ತು. ಶುಕ್ರವಾರ ರಾತ್ರಿ ಎರಡಿದ್ದವು. ಉಳಿದದ್ದರ ಬಾಯಿಂದ ಎರಡು ಬೆರಳಷ್ಟು ಬಾಲ ಹೊರಗೆ ಚಾಚಿಕೊಂಡಿತ್ತು. ಅದೇ ಕಪ್ಪು ಬಿಳಿ ಪಟ್ಟೆ. ಹತ್ತು ವರ್ಷದ ಮಗಳು ನನ್ನ ಪಕ್ಕದಲ್ಲೇ ನಿಂತು ಅದನ್ನು ನೋಡಿದಳು.

ನಾವಿರುವುದು ಕ್ಯಾಲಿಫೋರ್ನಿಯಾದಲ್ಲಿ. ಕ್ಯಾಲಿಫೋರ್ನಿಯಾ ಕಿಂಗ್‌ಸ್ನೇಕ್ ಇಲ್ಲಿನ ಬೆಟ್ಟ, ಹುಲ್ಲುಗಾವಲು, ಹಿತ್ತಿಲುಗಳಲ್ಲಿ ಕಾಣಸಿಗುವ ವಿಷವಿಲ್ಲದ ಹಾವು. ಸಾಮಾನ್ಯವಾಗಿ ಮೂರು ನಾಲ್ಕು ಅಡಿ ಬೆಳೆಯುತ್ತದೆ, ಸಾಕಿದರೆ ಇಪ್ಪತ್ತು ವರ್ಷ ಬದುಕಬಲ್ಲದು. ಸಾಕಣೆಯಲ್ಲೇ ಹುಟ್ಟಿದ ಒಂದು ಮರಿ ಎರಡು ವರ್ಷದಿಂದ ನಮ್ಮ ಮನೆಯಲ್ಲಿತ್ತು. ಮಗಳು ಹಟ ಹಿಡಿದಳೆಂದು ಒಂದು ಮೇಳದಲ್ಲಿ ಎರಡನೆಯದನ್ನೂ ಕೊಂಡೆ. ಅದಕ್ಕೆ ತಂದ ಪೆಟ್ಟಿಗೆಯ ಮುಚ್ಚಳ ಸರಿಯಾಗಿ ಕೂರುತ್ತಿರಲಿಲ್ಲ. ಈ ಹಾವುಗಳು ಸಣ್ಣ ಸಂದಿ ಸಿಕ್ಕರೂ ನುಸುಳಿ ಹೋಗುತ್ತವೆ. "ಸೋಮವಾರದವರೆಗೆ ಹಳೆಯದರ ಜೊತೆ ಇಡಿ, ಹೊಟ್ಟೆ ತುಂಬಿಸಿದ್ದರೆ ಏನೂ ಆಗಲ್ಲ" ಎಂದ ಮಾರಿದವನು. ನಂಬಿದೆ. ಎರಡಕ್ಕೂ ಇಲಿ ತಿನ್ನಿಸಿಯೇ ಬಿಟ್ಟಿದ್ದೆ.

ಅವನು ಹೇಳಿದ್ದು ಶುದ್ಧ ತಪ್ಪು. ಹೆಸರಿನಲ್ಲಿ ಕಿಂಗ್ ಇರುವುದೇ ಬೇರೆ ಹಾವುಗಳನ್ನು ತಿನ್ನುವುದರಿಂದ. ನಮ್ಮ ಮಲೆನಾಡಿನ ಕಾಳಿಂಗಕ್ಕೂ (ಕಿಂಗ್ ಕೋಬ್ರಾ) ಇದಕ್ಕೂ ಹತ್ತಿರದ ನಂಟಿಲ್ಲ, ಆದರೆ ಈ ಒಂದು ಗುಣ ಎರಡಕ್ಕೂ ಇದೆ. ಕಾಳಿಂಗ ಕೇರೆಹಾವನ್ನು ನುಂಗುವ ಕಥೆ ಕೇಳುತ್ತಲೇ ಬೆಳೆದವಳು ನಾನು. ಆದರೂ ಮನೆಯೊಳಗಿನ ಹಾವಿನ ವಿಷಯದಲ್ಲಿ ಅದು ಹೊಳೆಯಲಿಲ್ಲ. ರ್‍ಯಾಟಲ್‌ಸ್ನೇಕ್‌ನ ವಿಷವನ್ನೂ ತಡೆದುಕೊಂಡು ಅದನ್ನು ಸುತ್ತಿ ಅದುಮಿ ಕೊಲ್ಲುವ ಪ್ರಾಣಿ ಇದು. ತನಗಿಂತ ಉದ್ದದ ಹಾವನ್ನೂ ನುಂಗಬಲ್ಲದು. ಒಳಗೆ ಹೋದ ಹಾವಿನ ಬೆನ್ನೆಲುಬು ಅಲೆಯಲೆಯಾಗಿ ಮಡಿಚಿಕೊಂಡು ಹೊಟ್ಟೆಯಲ್ಲಿ ಹಿಡಿಸುತ್ತದೆ. ತನ್ನದೇ ಜಾತಿ, ಒಡಹುಟ್ಟು ಎಂಬ ಲೆಕ್ಕ ಅದಕ್ಕಿಲ್ಲ. ಹಾಗೆಂದು ಅದು ಕ್ರೂರಿಯಲ್ಲ. ಕಾಡಿನಲ್ಲಾದರೆ ಚಿಕ್ಕದಕ್ಕೆ ಓಡಿಹೋಗಲು ಜಾಗವಿರುತ್ತಿತ್ತು. ಆ ಜಾಗವನ್ನು ಕಸಿದವಳು ನಾನು.

ಬಾಲ ಹಿಡಿದು ಎಳೆಯಲು ಕೈ ಮುಂದೆ ಹೋಗಿತ್ತು. ಅದೃಷ್ಟಕ್ಕೆ ಮೊದಲು ಪಶುವೈದ್ಯರಿಗೆ ಫೋನ್ ಮಾಡಿದೆ. ಒಳಗಿನದು ಸತ್ತಾಗಿದೆ, ಎಳೆದರೆ ನುಂಗುತ್ತಿರುವುದಕ್ಕೂ ಪೆಟ್ಟಾಗುತ್ತದೆ, ಮುಟ್ಟಬೇಡಿ, ಬೆಚ್ಚಗಿರಲಿ, ನೀರಿಡಿ ಎಂದರು. ಮಧ್ಯಾಹ್ನದ ಹೊತ್ತಿಗೆ ಬಾಲವೂ ಕಾಣದಾಯಿತು. ಮಗಳು ಆ ದಿನ ಊಟ ಮಾಡಲಿಲ್ಲ.

ಆಮೇಲೆ ಮನೆಯಲ್ಲಿ ಬಂದ ಮಾತು: "ಇಲ್ಲಿಯದೇ ಹಾವಲ್ಲವಾ, ಬೆಟ್ಟಕ್ಕೆ ಬಿಟ್ಟುಬಿಡೋಣ." ದಯವಿಟ್ಟು ಅದನ್ನೂ ಮಾಡಬೇಡಿ. ಸಾಕಿದ ಹಾವು ತನ್ನ ಜೊತೆ ರೋಗವನ್ನು ಕಾಡಿಗೆ ಒಯ್ಯಬಹುದು. ಇನ್ನು ಇದನ್ನು ಮೂಲತಃ ಇದು ಇಲ್ಲದ ಕಡೆ ಬಿಟ್ಟರೆ ಏನಾಗುತ್ತದೆ ಎಂಬುದಕ್ಕೆ ಸ್ಪೇನಿನ ಗ್ರಾನ್ ಕನಾರಿಯಾ ದ್ವೀಪ ಇದೆ. ಸಾಕಣೆಯಿಂದ ಹೊರಬಿದ್ದ ಇದೇ ಹಾವು ಅಲ್ಲಿ 1998ರಿಂದ ಕಾಣಿಸಿಕೊಂಡಿತು. ಅದು ಹಬ್ಬಿದ ಜಾಗಗಳಲ್ಲಿ ಆ ದ್ವೀಪದ ದೊಡ್ಡ ಹಲ್ಲಿಗಳು ಬಹುತೇಕ ಇಲ್ಲವಾಗಿವೆ. ನಮ್ಮದು ನಮ್ಮಲ್ಲೇ ಇದೆ, ಒಂಟಿಯಾಗಿ. ಅದಕ್ಕೆ ಜೊತೆ ಬೇಕಿರಲಿಲ್ಲ, ಬೇಕಿದ್ದದ್ದು ನಮಗೆ.

ನಿಮ್ಮ ಮನೆಯಲ್ಲಿ ಎರಡು ಒಟ್ಟಿಗಿದ್ದು "ವರ್ಷದಿಂದ ಚೆನ್ನಾಗಿವೆ" ಅನ್ನುತ್ತಿದ್ದರೆ ನಾಳೆಗೆ ಕಾಯಬೇಡಿ. ಹೊಸ ಟ್ಯಾಂಕ್ ಬರುವವರೆಗೆ, ಗಾಳಿಗೆ ತೂತು ಕೊರೆದು ಕ್ಲಿಪ್ ಹಾಕಿದ ಪ್ಲಾಸ್ಟಿಕ್ ಡಬ್ಬಿ, ಒಂದು ಬಟ್ಟಲು ನೀರು, ಅಡಗಲು ಮಡಿಚಿದ ಕಾಗದ ಸಾಕು. ಇವತ್ತೇ ಬೇರೆ ಮಾಡಿ.