ಗುಂಪಾಗಿ ಕಲಿಸುವವರ ಕೈಗೆ ಮೂಡಲ್: ಒಂದು ವಿಮರ್ಶೆ

ವಾಟ್ಸಾಪ್‌ನಲ್ಲಿ ಪಿಡಿಎಫ್ ಹಾಕಿದರೆ ಪಾಠ ತಲುಪುತ್ತದೆ, ಆದರೆ ಮಕ್ಕಳು ಸೇರಿ ಕೆಲಸ ಮಾಡುವುದು ಅದರಿಂದ ಆಗುವುದಿಲ್ಲ. ಹಾಸನ, ಚಿಕ್ಕಮಗಳೂರಿನ ಕಾಲೇಜುಗಳಿಗೆ ಈ ಕೆಲಸಕ್ಕೆ ನಾವು ಮೊದಲು ಹೇಳುವ ಹೆಸರು ಮೂಡಲ್, ಅಂದರೆ ಆನ್‌ಲೈನ್‌ನಲ್ಲಿ ಪಾಠ, ಅಸೈನ್‌ಮೆಂಟ್, ಚರ್ಚೆ ನಡೆಸುವ ತಂತ್ರಾಂಶ. ಆಸ್ಟ್ರೇಲಿಯಾದ ಮಾರ್ಟಿನ್ ಡುಗಿಯಾಮಸ್ ಶುರುಮಾಡಿದ ಈ ತಂತ್ರಾಂಶದ ಮೊದಲ ಪೂರ್ಣ ಆವೃತ್ತಿ ಬಂದದ್ದು 2002ರಲ್ಲಿ. ಇದು ಮುಕ್ತ ತಂತ್ರಾಂಶ, ಲೈಸೆನ್ಸಿಗೆ ಕಾಸಿಲ್ಲ. ಸರ್ವರ್‌ಗೆ ಮತ್ತು ಅದನ್ನು ನೋಡಿಕೊಳ್ಳುವವರಿಗೆ ಮಾತ್ರ ಖರ್ಚು.

ಇದರ ದೊಡ್ಡ ಗುಣ ಕಟ್ಟಿರುವ ರೀತಿಯಲ್ಲೇ ಇದೆ. ಲಾಗಿನ್, ದಾಖಲಾತಿ, ಅಂಕಪಟ್ಟಿ ಇವು ನಡುವಿನ ಭಾಗ. ಕ್ವಿಜ್, ಅಸೈನ್‌ಮೆಂಟ್, ವಿಕಿ (ಹಲವರು ಸೇರಿ ಬರೆದು ತಿದ್ದುವ ಪುಟ), ಚರ್ಚಾ ವೇದಿಕೆ ಎಲ್ಲವೂ ಬೇರೆ ಬೇರೆ ಪ್ಲಗಿನ್, ಅಂದರೆ ನಡುವಿನ ಭಾಗಕ್ಕೆ ಜೋಡಿಸುವ ಬಿಡಿ ತುಂಡುಗಳು. ವಿಕಿ ಬೇಡವೆಂದು ಆಫ್ ಮಾಡಿದರೆ ಕ್ವಿಜ್‌ಗೆ ಏನೂ ಆಗುವುದಿಲ್ಲ. ಮೊದಲ ವರ್ಷ ಎರಡೇ ಚಟುವಟಿಕೆ ಇಟ್ಟುಕೊಂಡು ನಡೆಸಿ, ಮುಂದಿನ ವರ್ಷ ಇನ್ನೊಂದು ಸೇರಿಸಬಹುದು.

ಕೆಡುವುದು ಹೆಚ್ಚಾಗಿ ಗುಂಪಿನ ಸೆಟ್ಟಿಂಗ್‌ನಲ್ಲಿ. ಅಸೈನ್‌ಮೆಂಟ್‌ನಲ್ಲಿ 'ಗುಂಪಾಗಿ ಸಲ್ಲಿಸಿ' ಎಂಬುದನ್ನು ಹೌದು ಮಾಡಿ, 'ಸಲ್ಲಿಸಲು ಗುಂಪು ಕಡ್ಡಾಯ' ಎಂಬುದನ್ನು ಇಲ್ಲ ಎಂದೇ ಬಿಟ್ಟರೆ, ಯಾವ ಗುಂಪಿಗೂ ಸೇರದ ವಿದ್ಯಾರ್ಥಿಗಳೆಲ್ಲ ಒಂದೇ 'ಡೀಫಾಲ್ಟ್' ಗುಂಪಿಗೆ ಬೀಳುತ್ತಾರೆ. ಅಲ್ಲಿ ಒಬ್ಬರು ಹಾಕಿದ ಫೈಲನ್ನು ಇನ್ನೊಬ್ಬರು ಅಳಿಸಿಬಿಡಬಹುದು. 'ಗುಂಪು ಕಡ್ಡಾಯ' ಎಂಬುದನ್ನೂ ಹೌದು ಮಾಡಿ. ಆಗ ಒಬ್ಬ ವಿದ್ಯಾರ್ಥಿ ಎರಡು ಗುಂಪಿನಲ್ಲಿದ್ದರೆ ಸಲ್ಲಿಸಲು ಬಿಡುವುದಿಲ್ಲ. ಆದ್ದರಿಂದ ಲ್ಯಾಬ್ ತಂಡಗಳಿಗೆ ಒಂದು, ಪ್ರಾಜೆಕ್ಟ್ ತಂಡಗಳಿಗೆ ಒಂದು ಎಂದು ಬೇರೆ ಬೇರೆ 'ಗ್ರೂಪಿಂಗ್' (ಗುಂಪುಗಳ ಕಟ್ಟು) ಮಾಡಿ, ಅಸೈನ್‌ಮೆಂಟ್‌ನಲ್ಲಿ ಯಾವುದು ಬೇಕೋ ಅದನ್ನೇ ಆರಿಸಬೇಕು.

'ಗುಂಪಿನ ಎಲ್ಲರೂ ಸಲ್ಲಿಸು ಒತ್ತಬೇಕು' ಎಂಬ ಆಯ್ಕೆ ಕೇಳಲು ಚೆನ್ನ, ಮಲೆನಾಡಿಗೆ ಸರಿಯಲ್ಲ. ಜುಲೈ ಮಳೆಯಲ್ಲಿ ಕಳಸದ ಕಡೆಯ ಹುಡುಗಿಗೆ ಕರೆಂಟೂ ಇಲ್ಲ, ನೆಟ್‌ವರ್ಕೂ ಇಲ್ಲ ಎಂದಾದರೆ ಉಳಿದ ಮೂವರ ಕೆಲಸವೂ ಡ್ರಾಫ್ಟ್ ಆಗಿಯೇ ಉಳಿಯುತ್ತದೆ.

ನಮ್ಮ ಲೆಕ್ಕದಲ್ಲಿ ಮೂಡಲ್‌ನ ಅತ್ಯುತ್ತಮ ಚಟುವಟಿಕೆ ವರ್ಕ್‌ಶಾಪ್. ಇದರಲ್ಲಿ ವಿದ್ಯಾರ್ಥಿಗಳೇ ಒಬ್ಬರ ಬರಹವನ್ನು ಒಬ್ಬರು ಮೌಲ್ಯಮಾಪನ ಮಾಡುತ್ತಾರೆ. ಹಂತ ಐದು: ಸಿದ್ಧತೆ, ಸಲ್ಲಿಕೆ, ಪರಸ್ಪರ ಮೌಲ್ಯಮಾಪನ, ಅಂಕ ಲೆಕ್ಕ, ಮುಕ್ತಾಯ. ಮೂಲ ಸೆಟ್ಟಿಂಗ್‌ನಲ್ಲಿ ಸಲ್ಲಿಕೆಗೆ 80, ಮೌಲ್ಯಮಾಪನಕ್ಕೆ 20 ಅಂಕ ಇರುತ್ತದೆ. ಪರರ ಕೆಲಸವನ್ನು ಶ್ರದ್ಧೆಯಿಂದ ಓದಲಿ ಎಂದಿದ್ದರೆ 60, 40 ಮಾಡುವುದು ಒಳ್ಳೆಯದು. ಯಾರ ಬರಹ ಯಾರಿಗೆ ಎಂಬ ಹಂಚಿಕೆ ಮಾಡುವುದನ್ನು ಮರೆತು ಹಂತ ಬದಲಿಸಿದರೆ ಮೌಲ್ಯಮಾಪನಕ್ಕೆ ಯಾರಿಗೂ ಏನೂ ಸಿಗುವುದಿಲ್ಲ. ರ‍್ಯಾಂಡಮ್ ಹಂಚಿಕೆಯಲ್ಲಿ ತನ್ನದೇ ಗುಂಪಿನವರ ಕೆಲಸ ಬರದಂತೆ ತಡೆಯುವ ಆಯ್ಕೆಯೂ ಇದೆ, ಗೆಳೆಯರ ನಡುವಿನ ಅಂಕದಾನ ನಿಲ್ಲಲು ಅದನ್ನು ಬಳಸಲೇಬೇಕು. ಹಂತ ತಾನಾಗಿಯೇ ಬದಲಾಗಲಿ ಎಂದು ಇಟ್ಟಿದ್ದರೆ ಸರ್ವರ್‌ನ ಕ್ರಾನ್ (ಹೊತ್ತಿಗೆ ಸರಿಯಾಗಿ ತಾನಾಗಿಯೇ ಕೆಲಸ ಮಾಡಿಸುವ ವ್ಯವಸ್ಥೆ) ಪ್ರತಿ ನಿಮಿಷ ಓಡುತ್ತಿರಬೇಕು. ಗಡುವು ಮುಗಿದರೂ ಹಂತ ಮುಂದೆ ಹೋಗದಿದ್ದರೆ, ಚರ್ಚೆಯ ಮೇಲ್ ಬರದಿದ್ದರೆ, ಮೊದಲು ನೋಡಬೇಕಾದ್ದು ಅದನ್ನೇ.

ವಿಕಿ ಮಾತ್ರ ನಿರಾಶೆ. ಒಬ್ಬರು ತಿದ್ದುತ್ತಿರುವಾಗ ಇನ್ನೊಬ್ಬರಿಗೆ ಬೀಗ. ಗೂಗಲ್ ಡಾಕ್ಸ್ ನೋಡಿದ ಮಕ್ಕಳಿಗೆ ಇದು ಹಿಡಿಸುವುದಿಲ್ಲ.

ಮೊಬೈಲ್ ಆ್ಯಪ್‌ನಲ್ಲಿ ಪಾಠವನ್ನು ಇಳಿಸಿಕೊಂಡು ನೆಟ್ ಇಲ್ಲದೆಯೂ ಓದಬಹುದು. ಚರ್ಚೆಗೆ ಬರೆದ ಉತ್ತರ ಫೋನಿನಲ್ಲೇ ಉಳಿದು, ಸಿಗ್ನಲ್ ಬಂದಾಗ ಹೋಗುತ್ತದೆ. ಸಕಲೇಶಪುರ, ಮೂಡಿಗೆರೆ ಎಸ್ಟೇಟುಗಳ ನಡುವೆ ಇರುವವರಿಗೆ ಇದೊಂದೇ ಸಾಕು ಮೂಡಲ್ ಆರಿಸಲು. ಆಫ್‌ಲೈನ್ ಕ್ವಿಜ್‌ಗೆ ಬೇರೆಯೇ ಅನುಮತಿ ಕೊಡಬೇಕು, ಸಮಯ ಮಿತಿ ಇಟ್ಟರೆ ಅದು ನಡೆಯುವುದಿಲ್ಲ.

ಕನ್ನಡದ ವಿಷಯಕ್ಕೆ ಬಂದರೆ, ಕನ್ನಡ ಭಾಷಾ ಪ್ಯಾಕ್ ಇದೆ, ಆದರೆ ಅಪೂರ್ಣ, ನಡುನಡುವೆ ಇಂಗ್ಲಿಷ್ ಇಣುಕುತ್ತದೆ. 'ನುಡಿ' ಎಂಬ ಕನ್ನಡ ಟೈಪಿಂಗ್ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ ನೋಟ್ಸನ್ನು ಹಾಗೇ ಅಂಟಿಸಿದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಾಲು ಕಾಣುತ್ತದೆ. ಮೊದಲು ಎಲ್ಲ ಯಂತ್ರಗಳಲ್ಲೂ ಓದಬರುವ ಯೂನಿಕೋಡ್‌ಗೆ ಪರಿವರ್ತಿಸಿ, ಒತ್ತಕ್ಷರ, ಅರ್ಕಾವತ್ತು ಸರಿಯಾಗಿ ಬಂದಿವೆಯೇ ಕಣ್ಣಾಡಿಸಿ, ಆಮೇಲೆ ಹಾಕಬೇಕು.

ಸರ್ವರ್ ಕಡೆ ಎರಡು ಮಾತು. ಮೂಡಲ್ ನಡೆಯುವುದು ಪಿಎಚ್‌ಪಿ ಎಂಬ ಪ್ರೋಗ್ರಾಮಿಂಗ್ ಭಾಷೆಯ ಮೇಲೆ, ಅದರ ಮೂಲ ಸೆಟ್ಟಿಂಗ್‌ನಲ್ಲಿ 2 ಎಂಬಿಗಿಂತ ದೊಡ್ಡ ಫೈಲ್ ಹತ್ತುವುದಿಲ್ಲ. ಫೋನಿನಲ್ಲಿ ತೆಗೆದ ರೆಕಾರ್ಡ್ ಪುಟದ ಫೋಟೋ ಅದನ್ನು ಸುಲಭವಾಗಿ ದಾಟುತ್ತದೆ. ಫೈಲ್ ಮಿತಿಯ ಜೊತೆಗೆ, 8 ಎಂಬಿ ಇರುವ ಪೋಸ್ಟ್ ಮಿತಿಯನ್ನೂ (ಒಂದು ಸಲಕ್ಕೆ ಕಳಿಸಬಹುದಾದ ಒಟ್ಟು ಡೇಟಾ) ಏರಿಸಬೇಕು, ಒಂದನ್ನೇ ಏರಿಸಿದರೆ ಸಾಲದು. ಬ್ಯಾಕಪ್ ಎಂದರೆ ಡೇಟಾಬೇಸ್ ಮಾತ್ರವಲ್ಲ. ಮಕ್ಕಳ ಫೈಲುಗಳೆಲ್ಲ ಇರುವುದು ಮೂಡಲ್‌ಡೇಟಾ ಫೋಲ್ಡರಿನಲ್ಲಿ. ಎರಡನ್ನೂ ಒಂದೇ ಹೊತ್ತಿನಲ್ಲಿ ತೆಗೆದು, ಬೇರೆ ಯಂತ್ರದಲ್ಲಿ ಇಡಬೇಕು.