ದೆಹಲಿಯ ಮೊದಲ ದಿನ: ಚಾಂದನಿ ಚೌಕವೋ, ಹುಮಾಯೂನ್ ಸಮಾಧಿಯೋ?

ಕಾರವಾರದಲ್ಲಿ ಮಂಗಳಾ ಎಕ್ಸ್‌ಪ್ರೆಸ್ ಹತ್ತಿದರೆ ಇಳಿಯುವುದು ನಿಜಾಮುದ್ದೀನ್‌ನಲ್ಲಿ. ಹುಮಾಯೂನ್ ಸಮಾಧಿ ಅಲ್ಲೇ ಹತ್ತಿರ. ಅದನ್ನೇ ಮೊದಲು ನೋಡೋಣ ಅಂದೆ ನಾನು. ಶಿರಸಿಯ ಗೆಳೆಯ ಕೇಳಲಿಲ್ಲ. ಅವನಿಗೆ ಹಳೇ ದೆಹಲಿಯೇ ಆಗಬೇಕು.

ಚಾಂದನಿ ಚೌಕ ಅಂದರೆ, ಎರಡು ವರ್ಷಕ್ಕೊಮ್ಮೆ ಬರುವ ನಮ್ಮ ಮಾರಿಕಾಂಬಾ ಜಾತ್ರೆ ದಿನಾ ನಡೆದ ಹಾಗೆ. ಪರಾಠೆವಾಲಿ ಗಲ್ಲಿಯಲ್ಲಿ ಪರಾಠ ಕಾವಲಿಯ ಮೇಲೆ ಬೇಯುವುದಿಲ್ಲ, ಬಾಣಲೆಯಲ್ಲಿ ಪೂರಿಯ ಹಾಗೆ ಮುಳುಗಿ ಏಳುತ್ತದೆ. ಪಕ್ಕಕ್ಕೆ ಸಿಹಿಗುಂಬಳದ ಪಲ್ಯ. ಗೆಳೆಯ ನಾಲ್ಕು ತಿಂದ. ಆಮೇಲೆ ಜಾಮಾ ಮಸೀದಿಯ ಮೆಟ್ಟಿಲ ಮೇಲೆ ಸುಮ್ನೆ ಕೂತುಬಿಟ್ಟ. ಹೇಗೋ ಎಬ್ಬಿಸಿಕೊಂಡು ಕೆಂಪು ಕೋಟೆಗೆ ನಡೆದರೆ ಬಾಗಿಲು ಹಾಕಿದೆ. ಸೋಮವಾರ ರಜೆ! ಮೊದಲೇ ನೋಡಿಕೊಳ್ಳಬೇಕಿತ್ತು, ಅಲ್ವಾ?

ಸಮಾಧಿಗೆ ಮರುದಿನ ಹೋದೆವು. ತಾಜ್ ಮಹಲಿಗಿಂತ ಹಳೆಯದು, 1993ರಿಂದ ಯುನೆಸ್ಕೋ ಪಟ್ಟಿಯಲ್ಲಿದೆ. ಕೆಂಪು ಕಲ್ಲು, ಬಿಳಿ ಗುಮ್ಮಟ, ಸುತ್ತ ತೋಟ, ಗಿಳಿಗಳು. ಎರಡು ತಾಸು ಸಾಕು. ಪಕ್ಕದವರ ಮಾತು ಕಿವಿಗೆ ಬೀಳುತ್ತದೆ, ಹಳೇ ದೆಹಲಿಯಲ್ಲಿ ಅದಿಲ್ಲ.

ರೈಲಿನಲ್ಲಿ ಕೂತೂ ಕೂತೂ ಬೆನ್ನು ಹಿಡಿದಿದ್ದರೆ ಮೊದಲ ದಿನ ಸಮಾಧಿಗೇ ಹೋಗಿ. ಹಸಿವು ಜಾಸ್ತಿ ಇದ್ದರೆ ಗಲ್ಲಿಗೆ. ಪರಾಠ ಮಾತ್ರ ಎರಡಕ್ಕೇ ನಿಲ್ಲಿಸಿ.