ನೆಲ ಎತ್ತರಿಸಿದರೆ ಶಟರ್ ಕತ್ತರಿಸಲು ಬಿಡಬೇಡಿ

ಗ್ಯಾರೇಜಿನ ನೆಲ ಎತ್ತರಿಸಿದ ಮೇಲೆ ರೋಲಿಂಗ್ ಶಟರನ್ನೂ ಅಷ್ಟೇ ಕತ್ತರಿಸಬೇಕು ಎಂದು ಯಾರಾದರೂ ಹೇಳಿದರೆ ದಯವಿಟ್ಟು ಒಪ್ಪಬೇಡಿ. ನಾವು ಒಪ್ಪಿದೆವು. ಅಪ್ಪನ ಬಲಗೈ ಹೆಬ್ಬೆರಳಿಗೆ ಏಳು ಹೊಲಿಗೆ ಬಿದ್ದವು.

ನಮ್ಮ ಮನೆ ಇರುವುದು ಚಿಕ್ಕಮಗಳೂರಿನಲ್ಲಿ. ಹಳೆಯ ಡಾಂಬರು ಕೀಳದೆ ಅದರ ಮೇಲೆಯೇ ಹೊಸದನ್ನು ಹಾಕುತ್ತಾ ಬಂದು ರಸ್ತೆ ಏರಿತು, ಗ್ಯಾರೇಜು ತಗ್ಗಾಯಿತು. ಹೋದ ವರ್ಷ ಪುನರ್ವಸು ಮಳೆಯ ನೀರು ಒಳಗೆ ನುಗ್ಗಿ, ಒಳ್ಳೆಯ ದರ ಬರಲೆಂದು ಇಟ್ಟಿದ್ದ ಕಾಫಿ ಚೆರ್ರಿ ಮೂಟೆಗಳ ತಳವೆಲ್ಲ ಮುಗ್ಗಲು ಹಿಡಿಯಿತು. ಹಾಗಾಗಿ ಈ ಬೇಸಿಗೆಯಲ್ಲಿ ಐದು ಇಂಚು ಕಾಂಕ್ರೀಟ್ ಹಾಕಿಸಿದೆವು.

ಶಟರ್ ಎಳೆದು ನೋಡಿದರೆ ಬೀಗ ಹಾಕುವ ಕೊಂಡಿಗಳು ಕಾಂಕ್ರೀಟಿನಡಿ ಹೂತುಹೋಗಿದ್ದವು. ವೆಲ್ಡಿಂಗ್ ಮಾಡುವವನೊಬ್ಬನನ್ನು ಕರೆಸಿದೆವು. “ಶಟರ್ ಐದು ಇಂಚು ಉದ್ದವಾಗಿದೆ ಯಜಮಾನರೇ, ಕತ್ತರಿಸಿದರೆ ಸರಿಹೋಗುತ್ತದೆ” ಎಂದ. ಗ್ರೈಂಡರ್ ಹಿಡಿದು ಕೆಳಗಿನ ಪಟ್ಟಿಗಳನ್ನೂ ತಳದ ದಪ್ಪ ಪ್ಲೇಟನ್ನೂ ತೆಗೆದು, ತೆಳುವಾದ ಕಬ್ಬಿಣದ ಪಟ್ಟಿಯೊಂದನ್ನು ಬೆಸೆದ. ಮೇಲಿನ ಸ್ಪ್ರಿಂಗ್ ಕಡೆ ಕಣ್ಣೆತ್ತಿಯೂ ನೋಡಲಿಲ್ಲ.

ಅನಾಹುತದ ಮೂಲ ಇರುವುದು ಅಲ್ಲಿಯೇ. ಶಟರ್ ಸುತ್ತಿಕೊಳ್ಳುವ ದಂಡದ ಸ್ಪ್ರಿಂಗ್‌ಗಳನ್ನು ಶಟರಿನ ತೂಕ ನೋಡಿಯೇ ಬಿಗಿ ಮಾಡಿರುತ್ತಾರೆ. ಕೆಳಗೆ ಎಳೆದಷ್ಟೂ ಅವು ಇನ್ನಷ್ಟು ಬಿಗಿಯುತ್ತವೆ. ನಾವು ಎತ್ತುವಾಗ ಭಾರದ ಬಹುಪಾಲನ್ನು ಹೊರುವುದು ಆ ಬಿಗಿಯೇ. ತೂಕ ಕಳೆದು ಬಿಗಿಯನ್ನು ಹಾಗೆಯೇ ಬಿಟ್ಟರೆ ಏನಾಗುತ್ತದೆ ಎಂಬುದು ಮರುದಿನ ಬೆಳಿಗ್ಗೆ ಗೊತ್ತಾಯಿತು. ಅಪ್ಪ ಬೀಗ ತೆಗೆದು ಹಿಡಿಗೆ ಕೈ ಹಾಕಿದ್ದರಷ್ಟೇ. ಶಟರ್ ಗರ್ರನೆ ಮೇಲಕ್ಕೆ ಹಾರಿತು. ಅದನ್ನು ಮೇಲೆ ತಡೆದು ನಿಲ್ಲಿಸುತ್ತಿದ್ದ ಕಬ್ಬಿಣದ ತಡೆಗಳು ಹಳೆಯ ಪ್ಲೇಟಿನ ಜೊತೆಗೇ ಹೋಗಿದ್ದವು. ಸುರುಳಿಯನ್ನು ಮುಚ್ಚಿರುವ ಪೆಟ್ಟಿಗೆಯ ಅಂಚಿಗೂ ಹಿಡಿಗೂ ನಡುವೆ ಹೆಬ್ಬೆರಳು ಸಿಕ್ಕಿ ಉಗುರು ಬುಡಸಮೇತ ಎದ್ದಿತ್ತು. ಅಪ್ಪ ಕೂಗಲೂ ಇಲ್ಲ, ಇನ್ನೊಂದು ಕೈಯಲ್ಲಿ ಬೆರಳನ್ನು ಒತ್ತಿ ಹಿಡಿದು ಸುಮ್ಮನೆ ನಿಂತಿದ್ದರು. ಹೊಸ ಸಿಮೆಂಟಿನ ಮೇಲೆ ರಕ್ತ ತೊಟ್ಟಿಕ್ಕುತ್ತಿತ್ತು.

ಆಮೇಲೆ ಹಾಸನದಿಂದ ಶಟರ್ ಕೆಲಸವನ್ನೇ ಮಾಡುವವರೊಬ್ಬರು ಬಂದರು. ಅವರ ಮಾತು ಕೇಳಿ ಹೊಟ್ಟೆ ಉರಿಯಿತು. ಕತ್ತರಿಸುವ ಅಗತ್ಯವೇ ಇರಲಿಲ್ಲವಂತೆ. ನೆಲ ಏರಿದರೆ ಶಟರ್ ಐದು ಇಂಚು ಮೊದಲೇ ನಿಲ್ಲುತ್ತದೆ, ಮಿಕ್ಕಿದ್ದು ಮೇಲೆ ಸುರುಳಿಯಲ್ಲೇ ಉಳಿಯುತ್ತದೆ. ಬೀಗದ ಕೊಂಡಿಗಳನ್ನು ಹೊಸ ನೆಲದ ಮಟ್ಟಕ್ಕೆ ಏರಿಸಿದ್ದರೆ ಸಾಕಿತ್ತು, ಅರ್ಧ ದಿನದ ಕೆಲಸ.

ಇನ್ನೂ ಎರಡು ಸಂಗತಿ. ಕಾಂಕ್ರೀಟ್ ಹಾಕುವಾಗ ಎರಡೂ ಬದಿಯಲ್ಲಿ ಶಟರ್ ಜಾರುವ ಗೈಡ್ ಚಾನೆಲ್‌ಗಳಿಗೆ ಗಾರೆ ನುಗ್ಗದಂತೆ ಹೊಸ ಮಟ್ಟದಿಂದ ಮೇಲಕ್ಕೆ ಥರ್ಮೋಕೋಲ್ ತುರುಕಿಸಿ. ನಮ್ಮಲ್ಲಿ ಎಡಗಡೆ ಗಾರೆ ಗಟ್ಟಿಯಾಗಿ ಶಟರ್ ಒಂದು ಬೆರಳಷ್ಟು ಮೇಲೆಯೇ ನಿಲ್ಲುತ್ತಿತ್ತು. ಶಟರ್ ಕೂರುವ ಗೆರೆಯನ್ನು ರಸಮಟ್ಟ ಇಟ್ಟು ನೋಡಿ, ಅಲ್ಲಿಂದ ಹೊರಗೆ ನೀರು ಹರಿಯುವಂತೆ ಇಳಿಜಾರು ಕೊಡಿಸಿ.

ಹಳೆಯ ಅಳತೆಯ ಪಟ್ಟಿಗಳು ಸಿಗದೆ ಕೊನೆಗೆ ಇಡೀ ಶಟರನ್ನೇ ಬದಲಿಸಬೇಕಾಯಿತು. ಈಗ ಅದನ್ನು ಅರ್ಧಕ್ಕೆ ತಂದು ಕೈಬಿಟ್ಟರೆ ಅಲ್ಲಿಯೇ ನಿಲ್ಲುತ್ತದೆ, ಹಾರುವುದೂ ಇಲ್ಲ, ಬೀಳುವುದೂ ಇಲ್ಲ. ನಿಮ್ಮ ಮನೆಗೆ ಬಂದವನು ಕೂಲಿ ಕೇಳುವ ಮುಂಚೆ ಇದೊಂದನ್ನು ನಿಮ್ಮೆದುರಿಗೆ ಮಾಡಿ ತೋರಿಸಲಿ.